ಅಕ್ಕನ ಮಗಳನ್ನು 6ನೇ ತರಗತಿಗೆ ಸೇರಿಸಿಕೊಳ್ಳಲು ಸರ್ಕಾರಿ ಶಾಲೆಯಲ್ಲೇ ಷರತ್ತು ಹಾಕುತ್ತಿದ್ದಾರೆ, ಏನು ಮಾಡುವುದು?

ಮಂಡಿ ರೈಟರ್, ಕೋಲಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ವಿಷಯ ನನ್ನ ಅಕ್ಕನ ಮಗಳದು. ಊರಿನ ಹೆಸರು, ಶಾಲೆಯ ಹೆಸರು ಹಾಕುವುದಿಲ್ಲ. ನಾಳೆ ಮಗು ಅದೇ ಶಾಲೆಗೆ ಹೋಗಬೇಕು, ಅಲ್ವಾ.

ಅವಳಿಗೆ 11 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ವಾಕರ್ ಹಿಡಿದು ನಡೆಯುತ್ತಾಳೆ. ಬಲಗೈ ಬಿಗಿ, ಎಡಗೈಯಲ್ಲಿ ಬರೆಯುತ್ತಾಳೆ, ನಿಧಾನ. ಮಾತು ಎಳೆದ ಹಾಗೆ ಬರುತ್ತದೆ. ಹೊಸಬರಿಗೆ ಮೊದಲು ಅರ್ಥವಾಗುವುದಿಲ್ಲ, ಜೊತೆಗಿದ್ದು ರೂಢಿಯಾದರೆ ಎಲ್ಲ ಅರ್ಥವಾಗುತ್ತದೆ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡ್ ಇದೆ, ವೈಕಲ್ಯ ಶೇ 65 ಅಂತ ಬರೆದಿದ್ದಾರೆ. ಲೆಕ್ಕ ಮಾತ್ರ ಬೆಂಕಿ. ನಾನು ಫೋನಿನಲ್ಲಿ ಇವತ್ತಿನ ಬಾಕ್ಸ್ ರೇಟು ಹೇಳಿದರೆ ನೂರಿಪ್ಪತ್ತು ಬಾಕ್ಸಿಗೆ ಎಷ್ಟು, ಕಮಿಷನ್ ಹೋಗಿ ರೈತನ ಕೈಗೆ ಎಷ್ಟು ಅಂತ ನಾನು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಹೇಳಿರುತ್ತಾಳೆ.

ಊರಿನ ಶಾಲೆ 5ನೇ ತರಗತಿವರೆಗೆ. ಎರಡು ರೂಮು, ಒಬ್ಬರೇ ಮೇಡಂ. ಅಲ್ಲಿ ಏನೂ ತೊಂದರೆ ಆಗಲಿಲ್ಲ. ಬಾಗಿಲ ಪಕ್ಕ ಜಾಗ ಕೊಟ್ಟಿದ್ದರು. ಬರೆಯುವುದು ಕಮ್ಮಿ ಮಾಡಿ ಬಾಯಲ್ಲೇ ಉತ್ತರ ಕೇಳುತ್ತಿದ್ದರು. ಮನೆಯಲ್ಲಿ ನಾವು ತೆಲುಗು ಮಾತಾಡುವವರು, ಅವಳ ಕನ್ನಡವನ್ನೂ ಅವರೇ ತಿದ್ದಿ ತೀಡಿದರು.

ಈಗ 6ನೇ ತರಗತಿಗೆ ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಎರಡೂವರೆ ಕಿಲೋಮೀಟರ್. ಅಕ್ಕ, ಭಾವ ಹೋಗಿ ಕೇಳಿದರು. ಹೆಡ್‌ಮಾಸ್ಟರ್ ಕೂರಿಸಿ, ಟೀ ತರಿಸಿ ಚೆನ್ನಾಗಿಯೇ ಮಾತಾಡಿಸಿದರಂತೆ. ಆದರೆ ಹೇಳಿದ್ದು ಹೀಗೆ: "ನಮ್ಮಲ್ಲಿ ಸೌಲಭ್ಯ ಇಲ್ಲಮ್ಮ. ಸ್ಪೆಷಲ್ ಸ್ಕೂಲಿಗೆ ಹಾಕಿ, ಮಗುವಿಗೂ ಒಳ್ಳೆಯದು. ಇಲ್ಲಾಂದ್ರೆ ನಮ್ಮ ಹಾಜರಿಯಲ್ಲಿ ಹೆಸರು ಇರಲಿ, ಮನೆಯಲ್ಲೇ ಇರಲಿ, ಟೀಚರ್ ವಾರಕ್ಕೊಂದ್ಸಲ ಬಂದು ಪಾಠ ಮಾಡ್ತಾರೆ. ಅದೂ ಬೇಡ ಅಂದ್ರೆ ನೀವೇ ದಿನಾ ಬಂದು ಮಗು ಜೊತೆ ಕೂತ್ಕೊಳ್ಳಿ, ಸೇರಿಸಿಕೊಳ್ತೀನಿ." ಅಕ್ಕ ತೋಟದ ಕೂಲಿಗೆ ಹೋಗುತ್ತಾಳೆ. ದಿನಾ ಶಾಲೆಯಲ್ಲಿ ಕೂತರೆ ಮನೆ ನಡೆಯುವುದು ಹೇಗೆ?

ಭಾನುವಾರ ನಾನೇ ಹೋಗಿ ಶಾಲೆ ನೋಡಿಕೊಂಡು ಬಂದೆ. ರ‍್ಯಾಂಪ್ ಇದೆ. ಶಾಲೆಯೇ ಮತಗಟ್ಟೆ ಆಗುತ್ತಲ್ಲ, ಆವಾಗ ಹಾಕಿದ್ದಂತೆ. ಒಂದೂವರೆ ಅಡಿ ಎತ್ತರಕ್ಕೆ ಆರಡಿ ಉದ್ದವೂ ಇಲ್ಲ, ಕಂಬಿಯೂ ಇಲ್ಲ. ವಾಕರ್ ಹಿಡಿದು ಹತ್ತಿದರೆ ಹಿಂದಕ್ಕೆ ಬೀಳುವುದು ಗ್ಯಾರಂಟಿ. ಹುಡುಗಿಯರ ಟಾಯ್ಲೆಟ್ಟಿಗೆ ಮೂರು ಮೆಟ್ಟಿಲು. 6ನೇ ತರಗತಿ ನಡೆಯುವುದು ಮಹಡಿ ಮೇಲೆ, ಹೊಸದಾಗಿ ಕಟ್ಟಿದ ರೂಮಿನಲ್ಲಿ.

ಸರ್ಕಾರಿ ಶಾಲೆಯವರು ಹೀಗೆ ಹೇಳಬಹುದಾ? ಮನೆಯಲ್ಲೇ ಪಾಠ ಅನ್ನುವುದಕ್ಕೆ ಒಪ್ಪಿದರೆ ಮುಂದೆ ಏನಾಗುತ್ತದೆ? ಯಾರಿಗೆ ಹೇಳಬೇಕು? ಭಾವ ಅಂತೂ "ಬಿಡು, ಐದನೇ ಕ್ಲಾಸ್ ಓದಿದಳಲ್ಲ" ಅನ್ನಲು ಶುರು ಮಾಡಿದ್ದಾರೆ. ಅದಕ್ಕೇ ನನಗೆ ಅರ್ಜೆಂಟು.

ಶಿಡ್ಲಘಟ್ಟ ಗೂಡು

ಅಣ್ಣ, ಇದರಲ್ಲಿ ಯೋಚನೆ ಮಾಡುವುದು ಏನಿದೆ? ಲೋಕಲ್ ಚಾನೆಲ್‌ನವರನ್ನು ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಂತುಬಿಡಿ. ಆ ರ‍್ಯಾಂಪಿನ ವಿಡಿಯೊ ಹಾಕಿ. ಸಂಜೆಯೊಳಗೆ ಅಡ್ಮಿಷನ್ ಆಗುತ್ತೆ. ಮೆತ್ತಗೆ ಮಾತಾಡಿದರೆ ಇವರು ಕೇಳಲ್ಲ.

ಟಪಾಲು ತಾತ, ಮಧುಗಿರಿ

ಶಿಡ್ಲಘಟ್ಟದವರೇ, ಅಡ್ಮಿಷನ್ ಆಗುತ್ತೆ, ನಿಜ. ಆಮೇಲೆ? ಆ ಮಗು ಅದೇ ಮೇಷ್ಟ್ರುಗಳ ಮುಂದೆ ವರ್ಷಗಟ್ಟಲೆ ಕೂರಬೇಕು. ಟಿವಿಯವರು ಮಾರನೇ ದಿನ ಇನ್ನೊಂದು ಊರಿಗೆ ಹೋಗಿರುತ್ತಾರೆ.

ಮಂಡಿ ರೈಟರ್ ಅವರೇ, ನಾನು ಶಿಕ್ಷಣ ಇಲಾಖೆಯ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು. ಮೊದಲು ಟಪಾಲು ಸೆಕ್ಷನ್, ಆಮೇಲೆ ಕೇಸ್ ವರ್ಕರ್. ಹೀಗಾಗಿ ಹೆಡ್‌ಮಾಸ್ಟರ್ ತಲೆಯಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತು. ಅವರಿಗೆ ಮಗುವಿನ ಮೇಲೆ ದ್ವೇಷ ಇಲ್ಲ. "ಮಗು ಬಿದ್ದರೆ ನನ್ನ ಕುತ್ತಿಗೆಗೆ ಬರುತ್ತೆ" ಅನ್ನುವ ಭಯ. ಅದಕ್ಕೇ ಮೂರು ದಾರಿ ತೋರಿಸಿದ್ದಾರೆ, ಮೂರೂ ಶಾಲೆಯಿಂದ ಹೊರಕ್ಕೆ ಹೋಗುವ ದಾರಿ. ಗಮನಿಸಿ, ಅದರಲ್ಲಿ ಒಂದನ್ನೂ ಅವರು ಬರೆದು ಕೊಟ್ಟಿಲ್ಲ. ಬರೆದು ಕೊಡುವುದೂ ಇಲ್ಲ. ಯಾಕೆಂದರೆ ಬರೆದರೆ ತಪ್ಪಾಗುತ್ತದೆ ಅಂತ ಅವರಿಗೂ ಗೊತ್ತು.

ಮೊದಲು ಕಾನೂನು ಹೇಳಿಬಿಡುತ್ತೇನೆ, ಬೇಗ ಮುಗಿಸೋಣ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 5 ನಿಮ್ಮ ಮಗುವಿಗೇ ಬರೆದ ಹಾಗಿದೆ. ಓದುತ್ತಿರುವ ಶಾಲೆಯಲ್ಲಿ ಮುಂದಿನ ತರಗತಿ ಇಲ್ಲದಿದ್ದರೆ ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಕೇಳುವುದು ಮಗುವಿನ ಹಕ್ಕು. ಹಳೇ ಶಾಲೆಯವರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅನ್ನುವ ನೆಪದಲ್ಲಿ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಟಿಸಿ ಕೊಡಲು ಎಳೆದಾಡಿದ ಮುಖ್ಯಸ್ಥರ ಮೇಲೆ ಇಲಾಖೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು ಅಂತಲೂ ಅಲ್ಲೇ ಇದೆ.

ಎರಡನೆಯದು ವಿಕಲಚೇತನರ ಹಕ್ಕುಗಳ ಕಾಯ್ದೆ 2016. ಹಿಂದೆ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಇದರಲ್ಲಿ 21 ಇದೆ, ಸೆರೆಬ್ರಲ್ ಪಾಲ್ಸಿ ಹೆಸರು ಹಿಡಿದೇ ಇದೆ. ಸೆಕ್ಷನ್ 16 ನೋಡಿ. ಸರ್ಕಾರದ ದುಡ್ಡು ಅಥವಾ ಮಾನ್ಯತೆ ಇರುವ ಶಾಲೆ ಭೇದಭಾವ ಇಲ್ಲದೆ ಸೇರಿಸಿಕೊಳ್ಳಬೇಕು, ಬೇರೆ ಮಕ್ಕಳ ಜೊತೆಯಲ್ಲೇ ಓದಿಸಬೇಕು, ಕಟ್ಟಡ ಅವರಿಗೆ ಓಡಾಡುವ ಹಾಗಿರಬೇಕು, ಆ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ಶಾಲೆಗೆ ತೀರಾ ಹೊರೆಯಾಗದಂಥ ಅನುಕೂಲವನ್ನು ಇಲ್ಲ ಅಂದರೆ ಅದನ್ನೇ ಭೇದಭಾವ ಅಂತ ಕಾಯ್ದೆ ಲೆಕ್ಕ ಹಾಕುತ್ತದೆ. 6ನೇ ತರಗತಿಯನ್ನು ಮಹಡಿಯಿಂದ ಕೆಳಗಿಳಿಸಿ ಇನ್ನೊಂದು ತರಗತಿಯನ್ನು ಮೇಲೆ ಹಾಕಲು ಎಷ್ಟು ದುಡ್ಡು ಬೇಕು? ಒಂದು ಪೈಸೆಯೂ ಬೇಡ. ಬ್ಲ್ಯಾಕ್‌ಬೋರ್ಡ್ ಎರಡೂ ಕಡೆ ಇರುತ್ತದೆ.

ತಾಯಿ ಬಂದು ಕೂರಬೇಕು ಅನ್ನುವ ಷರತ್ತು ಯಾವ ಕಾಯ್ದೆಯಲ್ಲೂ ಇಲ್ಲ. ಬೆಂಬಲ ಕೊಡುವ ಕೆಲಸ ಶಾಲೆಯದು.

ಮನೆಯಲ್ಲೇ ಪಾಠದ ವಿಷಯ. ಆರ್‌ಟಿಇಗೆ 2012ರಲ್ಲಿ ತಿದ್ದುಪಡಿ ಆಯಿತು. ಬಹುವಿಧ ವೈಕಲ್ಯ ಅಥವಾ ತೀವ್ರ ವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು ಅಂತ ಅದರಲ್ಲಿದೆ. ತೀವ್ರ ಅಂದರೆ ಶೇ 80 ಮತ್ತು ಅದಕ್ಕಿಂತ ಮೇಲೆ. ಆರಿಸಿಕೊಳ್ಳುವುದು ಮಗುವಿನ ಕಡೆಯವರು, ಶಾಲೆಯವರಲ್ಲ. ಶಾಲೆಗೆ ಬರಲಾಗದ ಮಕ್ಕಳಿಗೆ ಅಂತ ಮಾಡಿದ ಬಾಗಿಲನ್ನು ಬರುವ ಮಕ್ಕಳನ್ನು ಹೊರಗೆ ಕಳಿಸಲು ಬಳಸುತ್ತಾರೆ. ನನ್ನ ಸರ್ವೀಸಿನಲ್ಲಿ ಅಂಥ ಫೈಲುಗಳನ್ನು ನೋಡಿದ್ದೇನೆ. "ಪೋಷಕರ ಕೋರಿಕೆಯಂತೆ" ಅಂತ ಒಂದು ಸಾಲು ಇರುತ್ತದೆ, ಕೆಳಗೆ ತಾಯಿಯ ಹೆಬ್ಬೆಟ್ಟು. ನಿಮ್ಮ ಅಕ್ಕನಿಗೆ ಹೇಳಿ, ಓದದೆ ಯಾವ ಹಾಳೆಗೂ ಸೈನ್ ಹಾಕಬಾರದು.

ಈಗ ಕೆಲಸ. ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ, ಎರಡು ಪ್ರತಿ. ಬೈಗುಳ ಬೇಡ, ಕಾನೂನಿನ ಭಾಷಣವೂ ಬೇಡ. ಸುಮಾರು ಹೀಗೆ ಇರಲಿ:

"ನನ್ನ ಮಗಳು ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 5ನೇ ತರಗತಿ ಮುಗಿಸಿದ್ದಾಳೆ. ಸೆರೆಬ್ರಲ್ ಪಾಲ್ಸಿ ಇದೆ, ಯುಡಿಐಡಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆ. ತಮ್ಮ ಶಾಲೆಯಲ್ಲಿ 6ನೇ ತರಗತಿಗೆ ದಾಖಲು ಮಾಡಿಕೊಳ್ಳಬೇಕು. 6ನೇ ತರಗತಿಯನ್ನು ಕೆಳಗಿನ ಕೊಠಡಿಯಲ್ಲಿ ನಡೆಸಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಇಳಿಜಾರು ಮತ್ತು ಕಂಬಿ ಹಾಕಿಸಬೇಕು. ಬರೆಯಲು ಹೆಚ್ಚು ಸಮಯ ಕೊಡಬೇಕು. ಬಿಐಇಆರ್‌ಟಿ (ತಾಲ್ಲೂಕಿನ ವಿಶೇಷ ಶಿಕ್ಷಕರು) ಅವರಿಂದ ಮಗುವನ್ನು ನೋಡಿಸಿ ಕಲಿಕೆಯ ಯೋಜನೆ ಮಾಡಿಸಬೇಕು. ದಾಖಲು ಸಾಧ್ಯವಿಲ್ಲ ಎಂದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು."

ಕೊನೆಯ ಸಾಲೇ ಮುಖ್ಯ. ಅದನ್ನು ಓದಿದ ಮೇಲೆ ಹೆಡ್‌ಮಾಸ್ಟರ್ ಇನ್ನೊಮ್ಮೆ ಟೀ ತರಿಸುತ್ತಾರೆ ನೋಡಿ.

ಅರ್ಜಿಯ ಕೆಳಗೆ "ಪ್ರತಿ" ಅಂತ ಹಾಕಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು), ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಒಳಗಿನ ಮಾತು ಹೇಳುತ್ತೇನೆ. ನಮ್ಮ ಆಫೀಸಿಗೆ ಬರುವ ಸಾದಾ ಅರ್ಜಿ ಮೊದಲು ಟ್ರೇಯಲ್ಲಿ ಮಲಗುತ್ತದೆ. ಕೆಳಗೆ ಆಯೋಗದ ಹೆಸರು ಕಂಡರೆ ಅದೇ ದಿನ ಸಾಹೇಬರ ಟೇಬಲ್ಲಿಗೆ ಹೋಗುತ್ತದೆ. ನಾಳೆ ಆಯೋಗದಿಂದ ಪತ್ರ ಬಂದರೆ ಉತ್ತರ ಬರೆಯಬೇಕಾದವನು ಕೇಸ್ ವರ್ಕರ್. ಆ ತಲೆನೋವು ಯಾರಿಗೆ ಬೇಕು?

ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ಬಿಇಒ ಆಫೀಸಿನಲ್ಲಾದರೆ ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ನಂಬರ್ ಇಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಜಗಳ ಬೇಡ, ನಮಸ್ಕಾರ ಹೇಳಿ ಎದ್ದು ಬಂದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಆರ್‌ಟಿಇ ಸೆಕ್ಷನ್ 32ರ ಪ್ರಕಾರ ಲಿಖಿತ ದೂರಿಗೆ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನ ಕೊಡಬೇಕು. ಅದು ಸರಿ ಅನ್ನಿಸದಿದ್ದರೆ ಮೇಲ್ಮನವಿ ಮಕ್ಕಳ ಹಕ್ಕುಗಳ ಆಯೋಗಕ್ಕೆ. ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರು ಬೆಂಗಳೂರಿನಲ್ಲಿದ್ದಾರೆ, ಅಲ್ಲಿಗೂ ಬರೆಯಬಹುದು. ಆದರೆ ಇದೆಲ್ಲ ಆಮೇಲಿನ ಮಾತು. ನನ್ನ ಅಂದಾಜು, ನಿಮ್ಮ ಕೆಲಸ ಹೆಡ್‌ಮಾಸ್ಟರ್ ಮಟ್ಟದಲ್ಲೇ ಆಗುತ್ತದೆ.

ಶಿಡ್ಲಘಟ್ಟ ಗೂಡು

ತಾತ, ಒಪ್ಪಿದೆ. ಆದರೂ ಆ ರ‍್ಯಾಂಪಿನ ಫೋಟೊ ತೆಗೆದಿಟ್ಟುಕೊಳ್ಳಲಿ.

ಟಪಾಲು ತಾತ, ಮಧುಗಿರಿ

ಫೋಟೊ ತೆಗೆಯಲಿ, ಅಳತೆ ಟೇಪು ಇಟ್ಟು ತೆಗೆಯಲಿ. ರ‍್ಯಾಂಪಿಗೆ ಲೆಕ್ಕ ಇದೆ, ಒಂದಕ್ಕೆ ಹನ್ನೆರಡು. ಒಂದೂವರೆ ಅಡಿ ಎತ್ತರ ಇದ್ದರೆ ಹದಿನೆಂಟು ಅಡಿ ಉದ್ದ ಬೇಕು, ಎರಡೂ ಪಕ್ಕ ಕಂಬಿ ಬೇಕು. ಆರಡಿಯಲ್ಲಿ ಮುಗಿಸಿದ್ದು ರ‍್ಯಾಂಪ್ ಅಲ್ಲ, ಜಾರುಬಂಡೆ. ಆದರೆ ದಾಖಲೆಯಲ್ಲಿ "ರ‍್ಯಾಂಪ್: ಇದೆ" ಅಂತ ಟಿಕ್ ಬಿದ್ದಿರುತ್ತದೆ.

ಬಿಐಇಆರ್‌ಟಿ ಮೇಡಂ

ಅಣ್ಣಾ, ನಾನು ಇದೇ ಕೆಲಸದಲ್ಲಿರುವವಳು. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ, ಕ್ಷಮಿಸಿ. ತಾತ ಹೇಳಿದ್ದು ಸರಿ. ನಾನು ಒಳಗಿನ ಕಷ್ಟವನ್ನೂ ಸ್ವಲ್ಪ ಹೇಳುತ್ತೇನೆ.

"ವಾರಕ್ಕೊಂದ್ಸಲ ಟೀಚರ್ ಮನೆಗೆ ಬರ್ತಾರೆ" ಅಂದರಲ್ಲ, ಆ ಟೀಚರ್ ಅಂದರೆ ನನ್ನಂಥವರು. ಒಂದು ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಬೆರಳೆಣಿಕೆಯಷ್ಟು ಜನ ಇರುತ್ತೇವೆ. ಸುಪ್ರೀಂ ಕೋರ್ಟು 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಕೇಸಿನಲ್ಲಿ ಹೇಳಿದ್ದು, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಅಂತ. ನಾವಿರುವುದು ಅದರ ಹತ್ತಿರಕ್ಕೂ ಇಲ್ಲ. ಹಬ್ಬ, ಮೀಟಿಂಗು, ಸರ್ವೆ ಎಲ್ಲ ಕಳೆದರೆ ವಾರಕ್ಕೊಂದು ಭೇಟಿ ಅನ್ನುವುದು ಎಷ್ಟೋ ಸಲ ಹಾಳೆಯ ಮೇಲೆ ಮಾತ್ರ. ಲೆಕ್ಕದಲ್ಲಿ ಇಷ್ಟು ಚುರುಕಾದ ಮಗುವನ್ನು ಮನೆಯಲ್ಲಿ ಕೂರಿಸಿದರೆ ನನ್ನ ಒಂದು ಗಂಟೆ ಅವಳಿಗೆ ಯಾವ ಮೂಲೆಗೂ ಸಾಲದು. ಅವಳಿಗೆ ಬೇಕಾಗಿರುವುದು ಗೆಳತಿಯರು, ಕ್ಲಾಸು, ಪೈಪೋಟಿ.

ಸೇರಿದ ಮೇಲೆ ಕೇಳಬೇಕಾದ್ದು ಇದೆ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಅವಳ ವೈಕಲ್ಯದ ವಿವರ ಸರಿಯಾಗಿ ಹಾಕಿದ್ದಾರಾ ನೋಡಿ. ಅಲ್ಲಿ ಇಲ್ಲದಿದ್ದರೆ ಮುಂದೆ ಯಾವ ಪಟ್ಟಿಯಲ್ಲೂ ಹೆಸರು ಬರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಇದೆ. ದೊಡ್ಡ ದುಡ್ಡಲ್ಲ, ತಡವಾಗಿಯೂ ಬರುತ್ತದೆ, ಆದರೂ ಬಿಡಬೇಡಿ. ಆ ಎರಡೂವರೆ ಕಿಲೋಮೀಟರಿಗೆ ಊರಿನ ಆಟೊದವರ ಹತ್ತಿರ ಮಾತಾಡಿದರೆ ಅರ್ಧ ಖರ್ಚಾದರೂ ಅದರಲ್ಲಿ ಹೋಗುತ್ತದೆ. ತಾಲ್ಲೂಕಿನಲ್ಲಿ ಸಲಕರಣೆಗಳ ಮೌಲ್ಯಾಂಕನ ಶಿಬಿರ ನಡೆಯುತ್ತದೆ, ಸಲಕರಣೆ ತಯಾರಿಸುವ ಕೇಂದ್ರ ಸರ್ಕಾರಿ ಸಂಸ್ಥೆ ಅಲಿಮ್ಕೊದವರು ಬಂದು ಅಳತೆ ತೆಗೆದುಕೊಳ್ಳುತ್ತಾರೆ. ಮಕ್ಕಳು ಬೆಳೆಯುತ್ತಾರೆ, ಹಳೇ ವಾಕರ್ ಗಿಡ್ಡ ಆಗಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಬಗ್ಗಿ ನಡೆದು ನಡೆದು ಬೆನ್ನು ನೋವು ಶುರುವಾದ ಮೇಲೆ ಆಸ್ಪತ್ರೆಗೆ ಓಡುತ್ತಾರೆ.

ಕ್ಲಾಸಿನಲ್ಲಿ ಮಾಡುವಂಥದ್ದು ಸಣ್ಣದು. ಪೆನ್ಸಿಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದರೆ ಬೆರಳು ಜಾರುವುದಿಲ್ಲ. ನೆಲದ ಮೇಲೆ ಕೂರಿಸಬೇಡಿ, ಪಾದ ನೆಲಕ್ಕೆ ತಾಗುವಂಥ ಕುರ್ಚಿ ಬೇಕು. ನೋಟ್ಸನ್ನು ಪಕ್ಕದ ಹುಡುಗಿಯ ಪುಸ್ತಕದಿಂದ ಜೆರಾಕ್ಸ್ ಮಾಡಿಸಿ.

6ನೇ ತರಗತಿಯಿಂದ ಹಿಂದಿ ಶುರುವಾಗುತ್ತದೆ. 2016ರ ಕಾಯ್ದೆಯ ಸೆಕ್ಷನ್ 17ರಲ್ಲಿ ಪರೀಕ್ಷೆಗೆ ಹೆಚ್ಚು ಸಮಯ, ಬರೆಯಲು ಇನ್ನೊಬ್ಬರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲಕ್ಕೂ ಅವಕಾಶ ಇದೆ. ವಿನಾಯಿತಿ ಮಾತ್ರ ಅವಸರದಲ್ಲಿ ಕೇಳಬೇಡಿ ಅಂತ ನನ್ನ ಅಭಿಪ್ರಾಯ. ಶಾಲೆಯವರಿಗೆ ಸುಲಭ ಅಂತ ಮೊದಲು ಅದನ್ನೇ ಕೊಟ್ಟು ಆ ಪೀರಿಯಡ್ಡಿನಲ್ಲಿ ಮಗುವನ್ನು ಸುಮ್ನೆ ಕೂರಿಸುತ್ತಾರೆ. ತೆಲುಗು, ಕನ್ನಡ ಎರಡೂ ಆಡುವ ಮಗು ಹಿಂದಿಯನ್ನೂ ಕಲಿಯುತ್ತದೆ. ಬರೆಯುವುದು ಕಷ್ಟ ಅನ್ನಿಸಿದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ನೋಡೋಣ.

ಗೌರಿಬಿದನೂರು ತಾಯಿ

ಎಲ್ಲರೂ ಸ್ಪೆಷಲ್ ಸ್ಕೂಲನ್ನು ಗುಮ್ಮನ ಹಾಗೆ ಮಾತಾಡುತ್ತಿದ್ದೀರಿ. ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ. ಸಾಮಾನ್ಯ ಶಾಲೆಯಲ್ಲಿ ಮೂರನೇ ತರಗತಿವರೆಗೆ ಹಿಂದಿನ ಬೆಂಚಿನಲ್ಲಿ ಕೂತು ಗೋಡೆ ನೋಡಿಕೊಂಡು ಬಂದ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಪ್ರತಿವರ್ಷ ಪಾಸೂ ಮಾಡಿದರು. ಒಂದಕ್ಷರ ಬರಲಿಲ್ಲ. ಕಿವುಡು ಮಕ್ಕಳ ಶಾಲೆಗೆ ಹಾಕಿದ ಮೇಲೆ ಸನ್ನೆ ಭಾಷೆ ಕಲಿತ, ಆಮೇಲೆ ಓದು ಬಂತು. ಈಗ ನನಗೇ ಕಲಿಸುತ್ತಾನೆ, ನನ್ನ ಕೈ ಸರಿಯಾಗಿ ತಿರುಗಲ್ಲ ಅಂತ ನಗುತ್ತಾನೆ. 2016ರ ಕಾಯ್ದೆಯ ಸೆಕ್ಷನ್ 31ರಲ್ಲೂ ಹತ್ತಿರದ ಶಾಲೆ ಅಥವಾ ತಮಗೆ ಬೇಕಾದ ವಿಶೇಷ ಶಾಲೆ, ಎರಡರಲ್ಲಿ ಒಂದು ಅಂತ ಇದೆ. 18 ವರ್ಷದವರೆಗೆ ಉಚಿತ. ಅಂದಮೇಲೆ ಯಾವುದು ಬೇಕು ಅಂತ ಹೇಳುವವರು ನಾವು.

ಅಣ್ಣ, ನಿಮ್ಮ ಹೆಡ್‌ಮಾಸ್ಟರ್‌ಗೆ ಒಂದೇ ಪ್ರಶ್ನೆ ಕೇಳಿ, ಯಾವ ಸ್ಪೆಷಲ್ ಸ್ಕೂಲು ಸಾರ್ ಅಂತ. ಹೆಸರು ಹೇಳಲಿ. ಕಿವುಡು ಮಕ್ಕಳದೋ, ಅಂಧ ಮಕ್ಕಳದೋ, ಬುದ್ಧಿಮಾಂದ್ಯ ಮಕ್ಕಳದೋ? ನಿಮ್ಮ ಹುಡುಗಿಗೆ ಅಲ್ಲಿ ಏನು ಕಲಿಸುತ್ತಾರೆ? ಅವಳಿಗೆ ಬೇಕಾಗಿರುವುದು ಕೆಳಗಿನ ರೂಮು ಮತ್ತು ಮೆಟ್ಟಿಲಿಲ್ಲದ ಟಾಯ್ಲೆಟ್ಟು. ಅದಕ್ಕೆ ಇನ್ನೊಂದು ಶಾಲೆ ಯಾಕೆ?

ಇನ್ನೊಂದು ಮಾತು, ಗಂಡಸರು ಇಷ್ಟು ಬರೆದರೂ ಯಾರೂ ಎತ್ತಲಿಲ್ಲ. ಹುಡುಗಿಗೆ 11 ವರ್ಷ. ಇನ್ನು ವರ್ಷ ಎರಡು ವರ್ಷದಲ್ಲಿ ದೊಡ್ಡವಳಾಗುತ್ತಾಳೆ. ನಿಮ್ಮ ಭಾವ "ಬಿಡು" ಅನ್ನುತ್ತಿರುವುದಕ್ಕೆ, ಅಕ್ಕ ಸುಮ್ಮನಿರುವುದಕ್ಕೆ ಅದೂ ಕಾರಣ ಇರಬಹುದು. ಆ ದಿನಗಳಲ್ಲಿ ಅವಳಿಗೆ ಯಾರು ಸಹಾಯ ಮಾಡುತ್ತಾರೆ? ಟಾಯ್ಲೆಟ್ಟಿನಲ್ಲಿ ನೀರು ಇದೆಯಾ, ಒಳಗಿನಿಂದ ಚಿಲಕ ಇದೆಯಾ, ಬಾಗಿಲು ವಾಕರ್ ಹೋಗುವಷ್ಟು ಅಗಲ ಇದೆಯಾ? ಇದನ್ನು ಅಕ್ಕ ಹೆಡ್‌ಮಾಸ್ಟರ್ ಹತ್ತಿರ ಮಾತಾಡಲಾರರು. ಆ ಶಾಲೆಯಲ್ಲಿ ಯಾವ ಲೇಡಿ ಟೀಚರ್ ಇದ್ದಾರೆ ಅಂತ ನೋಡಿ ಅವರ ಜೊತೆ ಕೂತು ಮಾತಾಡಲಿ. ಬಿಸಿಯೂಟದ ಅಡುಗೆಯವರೂ ಇರುತ್ತಾರೆ, ಅವರನ್ನೂ ಮಾತಾಡಿಸಲಿ. ನನ್ನ ಅನುಭವದಲ್ಲಿ ಮಗುವನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಅವರೇ. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

ಟಪಾಲು ತಾತ, ಮಧುಗಿರಿ

ತಾಯಿ, ನಿಮ್ಮ ಎರಡನೇ ಮಾತು ನೂರಕ್ಕೆ ನೂರು ಸರಿ. ಅರ್ಜಿಯಲ್ಲಿ ಟಾಯ್ಲೆಟ್ಟಿನ ಸಾಲಿಗೆ ನೀರು, ಚಿಲಕ, ಬಾಗಿಲ ಅಗಲ ಮೂರನ್ನೂ ಸೇರಿಸಲಿ.

ದುಡ್ಡಿನ ದಾರಿಯನ್ನೂ ಹೇಳಿಬಿಡುತ್ತೇನೆ. ಹೆಡ್‌ಮಾಸ್ಟರ್ "ಅನುದಾನ ಇಲ್ಲ" ಅನ್ನುತ್ತಾರೆ, ಅವರ ಕೈಯಲ್ಲಿ ನಿಜವಾಗಿಯೂ ಇರುವುದಿಲ್ಲ. ಗ್ರಾಮ ಪಂಚಾಯಿತಿಗೆ ಹೋಗಿ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಅಂತ ಎತ್ತಿಡಬೇಕು. ಎಷ್ಟೋ ಕಡೆ ಅದು ಖರ್ಚೇ ಆಗದೆ ಉಳಿದಿರುತ್ತದೆ, ಇಲ್ಲ ಮಾರ್ಚ್ ಕೊನೆಯಲ್ಲಿ ಏನೋ ಒಂದು ಬಿಲ್ಲು ಆಗಿರುತ್ತದೆ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಹೆಚ್ಚಾಗಿ ಅಂಗವಿಕಲರೇ ಆಗಿರುತ್ತಾರೆ, ಕಷ್ಟ ಗೊತ್ತಿರುತ್ತದೆ. ಅವರನ್ನು ಜೊತೆಯಲ್ಲಿ ಕರೆದುಕೊಂಡು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ. ಮಕ್ಕಳ ಗ್ರಾಮಸಭೆ ನಡೆದಾಗ ಹುಡುಗಿಯೇ ಎದ್ದು ಕೇಳಿದರೆ ಇನ್ನೂ ಒಳ್ಳೆಯದು. ಮಾತು ಎಳೆದರೆ ಎಳೆಯಲಿ, ಕಾಯಲಿ ಎಲ್ಲರೂ. ಸಭೆಯ ನಡಾವಳಿಯಲ್ಲಿ ಬರೆಸಿಕೊಳ್ಳಿ.

ಯಾರೂ ಬಾಯಿ ಬಿಡದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಇದೆ. 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ. "ಹಿಂದಿನ ಮೂರು ವರ್ಷ ಶೇ 5ರ ಹಣ ಎಷ್ಟು ಇತ್ತು, ಯಾವುದಕ್ಕೆ ಖರ್ಚಾಯಿತು" ಅಂತ ಮಾತ್ರ ಕೇಳಿ. ಬೇರೇನೂ ಬೇಡ.

ಮಂಡಿ ರೈಟರ್, ಕೋಲಾರ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳುವುದೋ ಗೊತ್ತಾಗುತ್ತಿಲ್ಲ. ಆದದ್ದು ಹೇಳುತ್ತೇನೆ.

ತಾತ ಬರೆದ ಹಾಗೇ ಅರ್ಜಿ ಬರೆದೆವು. ಟಾಯ್ಲೆಟ್ಟಿನ ಮೂರು ವಿಷಯವನ್ನೂ ಸೇರಿಸಿದೆವು. ಅಕ್ಕನೇ ಕೊಟ್ಟಳು, ನಾನು ಹೊರಗೆ ನಿಂತಿದ್ದೆ. ಹೆಡ್‌ಮಾಸ್ಟರ್ ಎರಡು ಸಲ ಓದಿದರಂತೆ. "ಇದೆಲ್ಲ ಯಾಕಮ್ಮ, ನಾನು ಸೇರಿಸಿಕೊಳ್ಳಲ್ಲ ಅಂತ ಎಲ್ಲಿ ಹೇಳಿದೆ" ಅಂದರಂತೆ. ಅಕ್ಕ "ಹಾಗಾದರೆ ಸೀಲು ಹಾಕಿ ಸಾರ್" ಅಂದಳಂತೆ. ಹಾಕಿದರು. ಅಕ್ಕ ಇಷ್ಟು ಮಾತಾಡುತ್ತಾಳೆ ಅಂತ ನನಗೂ ಗೊತ್ತಿರಲಿಲ್ಲ. ಸ್ಪೆಷಲ್ ಸ್ಕೂಲ್ ಹೆಸರು ಕೇಳಿದ್ದಕ್ಕೆ ವಿಚಾರಿಸಿ ಹೇಳುತ್ತೇನೆ ಅಂದರು, ಇನ್ನೂ ಹೇಳಿಲ್ಲ.

ದಾಖಲು ಆಯಿತು. 6ನೇ ತರಗತಿ ಕೆಳಗೆ ಬಂತು, 7ನೇ ತರಗತಿ ಮೇಲೆ ಹೋಯಿತು. ಏಳನೇ ಕ್ಲಾಸಿನ ಹುಡುಗರಿಗೆ ಮಹಡಿ ಸಿಕ್ಕಿದ್ದೇ ಖುಷಿ. ಅಲ್ಲಿ ಹಿಂದಿ ಹೇಳುವ ಮೇಡಂ ಒಬ್ಬರು ಅಕ್ಕನ ಜೊತೆ ಬಹಳ ಹೊತ್ತು ಕೂತು ಮಾತಾಡಿದರು. ಆಟೊದವರು ತಿಂಗಳಿಗೆ ಒಂದು ರೇಟು ಒಪ್ಪಿದ್ದಾರೆ, ಭತ್ಯೆ ಬರುವತನಕ ನಾನು ಕೊಡುತ್ತೇನೆ. ಭಾವ ಈಗ ಬಾಯಿ ಮುಚ್ಚಿಕೊಂಡು ಬೆಳಿಗ್ಗೆ ವಾಕರನ್ನು ಆಟೊ ಒಳಗೆ ಇಡುತ್ತಾರೆ.

ಟಾಯ್ಲೆಟ್ಟು ಮಾತ್ರ ಹಾಗೇ ಇದೆ. ಪಿಡಿಒ ಬಂದು ನೋಡಿದರು, "ಎಸ್ಟಿಮೇಟ್ ಮಾಡಿಸುತ್ತೇನೆ" ಅಂದಿದ್ದಾರೆ. ಮಗು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದಾಳೆ, ಅಲ್ಲಿಗೆ ಹೋಗಬೇಕಾಗುತ್ತೆ ಅಂತ. ಎಸ್ಟಿಮೇಟ್ ಅಂದರೆ ಕೆಲಸ ಆದ ಹಾಗೇನಾ ತಾತ?

ಬಿಐಇಆರ್‌ಟಿ ಮೇಡಂ

ಅಣ್ಣಾ, ನೀರು ಕಮ್ಮಿ ಕುಡಿಯುವುದು ಬೇಡವೇ ಬೇಡ. ಈ ಮಕ್ಕಳಿಗೆ ಉರಿಮೂತ್ರ, ಮಲಬದ್ಧತೆ ಬೇಗ ಬರುತ್ತದೆ, ಕೈಕಾಲಿನ ಬಿಗಿತವೂ ಜಾಸ್ತಿಯಾಗುತ್ತದೆ. ಕಟ್ಟಡ ಆಗುವತನಕ ಕೆಳಗಿನ ರೂಮಿನ ಹತ್ತಿರ ಪರದೆ ಹಾಕಿ ಕಮೋಡ್ ಕುರ್ಚಿ ಇಡಬಹುದು. ಮಧ್ಯದಲ್ಲಿ ತೂತಿರುವ ಕುರ್ಚಿ, ಕೆಳಗೆ ಬಕೆಟ್. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಆ ಹಿಂದಿ ಮೇಡಂಗೆ ಹೇಳಿ. ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿ ಯಾರು ಅಂತ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ವಿಚಾರಿಸಿ, ಕೇಳಿದರೆ ಅವರೇ ಬಂದು ಜೋಡಿಸಿಕೊಡುತ್ತಾರೆ.

ಟಪಾಲು ತಾತ, ಮಧುಗಿರಿ

ಮೇಡಂ ಹೇಳಿದ್ದನ್ನು ನಾಳೆಯೇ ಮಾಡಿ.

ಎಸ್ಟಿಮೇಟ್ ಅಂದರೆ ಏನೂ ಆಗಿಲ್ಲ ಅಂತ ಅರ್ಥ. ಇಂಜಿನಿಯರ್ ಬಂದು ಅಳತೆ ಹಿಡಿಯಬೇಕು, ಆಮೇಲೆ ಪಂಚಾಯಿತಿ ಮೀಟಿಂಗಿನಲ್ಲಿ ಒಪ್ಪಿಗೆ, ಆಮೇಲೆ ವರ್ಕ್ ಆರ್ಡರ್. ಮೂರೂ ಬೇರೆ ಬೇರೆ ಹಾಳೆ. ಅಳತೆ ಹಿಡಿಯುವ ದಿನ ನೀವು ಇಲ್ಲ ವಿಆರ್‌ಡಬ್ಲ್ಯೂ ಅಲ್ಲೇ ಇರಬೇಕು, ಹುಡುಗಿಯ ವಾಕರನ್ನೂ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಇನ್ನೊಂದು ಆರಡಿ ರ‍್ಯಾಂಪ್ ಹಾಕಿ ಬಿಲ್ ಮಾಡುತ್ತಾರೆ. ಮುಂದಿನ ಮೀಟಿಂಗ್ ಯಾವತ್ತು ಅಂತ ಪಂಚಾಯಿತಿಯಲ್ಲಿ ಕೇಳಿ ಇಲ್ಲಿ ಬರೆಯಿರಿ. ಅದರ ಹಿಂದಿನ ದಿನ ಏನು ಕೊಡಬೇಕು ಅಂತ ಹೇಳುತ್ತೇನೆ.